ಸೆಲ್ಫ್ ತಿರುಗುತ್ತದೆ, ಟ್ರಾಕ್ಟರ್ ಹಿಡಿಯುವುದಿಲ್ಲ: ಮೊದಲು ಹೊಗೆ ನೋಡಿ

ಪ್ರಶ್ನೆ: ನಮ್ಮದು ಮೂರು ಸಿಲಿಂಡರಿನ ಹಳೇ ಡೀಸೆಲ್ ಟ್ರಾಕ್ಟರ್. ಮೂವತ್ತು ವರ್ಷ ದಾಟಿದೆ. ನಾಲ್ಕು ತಿಂಗಳಿಂದ ಶೆಡ್ಡಿನಲ್ಲೇ ನಿಂತಿತ್ತು. ಹೊರಗೆ ತೆಗೆಯುವ ಮೊದಲು ಎರಡೂ ಡೀಸೆಲ್ ಫಿಲ್ಟರ್ ಬದಲಾಯಿಸಿದೆ, ಬ್ಯಾಟರಿ ಚಾರ್ಜ್ ಮಾಡಿಸಿದೆ. ಈಗ ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಮೊದಲ ದಿನ ಒಂದೆರಡು ಸಲ ಫಟ್ ಫಟ್ ಅಂದು ನಿಂತಿತು. ಆಮೇಲೆ ಅದೂ ಇಲ್ಲ. ಒಬ್ಬರು ಪಂಪ್ ಹೋಗಿದೆ ಅಂತಾರೆ, ಇನ್ನೊಬ್ಬರು ನಾಜಲ್ ಅಂತಾರೆ. ರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು ಅನ್ನುವವರೂ ಇದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಸದ್ಯಕ್ಕೆ ಏನನ್ನೂ ಬಿಚ್ಚಬೇಡಿ. ಡೀಸೆಲ್ ಒತ್ತಿ ಕಳಿಸುವ ಪಂಪೂ ಬೇಡ, ಅದನ್ನು ಸಿಲಿಂಡರಿಗೆ ಚಿಮ್ಮಿಸುವ ನಾಜಲ್ಲೂ ಬೇಡ. ಸಿಲಿಂಡರುಗಳ ಮೇಲಿನ ಹೆಡ್ಡಿನ ತಂಟೆಗಂತೂ ಹೋಗಲೇಬೇಡಿ. ನೀವು ಬರೆದಿರುವುದರಲ್ಲೇ ದಾರಿ ಇದೆ. ನಾಲ್ಕು ತಿಂಗಳ ಹಿಂದೆ ಈ ಟ್ರಾಕ್ಟರ್ ಓಡಿಕೊಂಡೇ ಶೆಡ್ಡಿಗೆ ಹೋಗಿದೆ, ಅಲ್ವಾ? ನಿಂತ ಜಾಗದಲ್ಲಿ ಪಿಸ್ಟನ್ ಸುತ್ತ ಒತ್ತಡ ತಡೆಯುವ ರಿಂಗ್ ಸವೆಯುವುದಿಲ್ಲ, ಪಂಪೂ ಸವೆಯುವುದಿಲ್ಲ. ಹಾಗಾದರೆ ಆಗಿನಿಂದ ಈಗಿನವರೆಗೆ ಬದಲಾಗಿದ್ದು ಏನು? ಎರಡೇ. ಗಾಡಿ ಬಹಳ ದಿನ ನಿಂತಿತು. ನೀವು ಫಿಲ್ಟರ್ ಬಿಚ್ಚಿ ಹಾಕಿದಿರಿ.

ಫಿಲ್ಟರ್ ಬಿಚ್ಚಿದರೆ ಡೀಸೆಲ್ ಲೈನಿಗೆ ಗಾಳಿ ಹೋಗೇ ಹೋಗುತ್ತದೆ. ಮೊದಲ ದಿನ ಫಟ್ ಫಟ್ ಅಂದು ನಿಂತದ್ದೂ ಅದನ್ನೇ ಹೇಳುತ್ತದೆ. ಪಂಪಿನಲ್ಲಿ ಉಳಿದಿದ್ದ ಹಳೇ ಡೀಸೆಲ್ ಇರುವವರೆಗೆ ಉರಿಯಿತು. ಅದರ ಹಿಂದೆ ಗಾಳಿ ಬಂತು, ನಿಂತಿತು. ನನ್ನ ಲೆಕ್ಕದಲ್ಲಿ ನಿಮ್ಮ ಟ್ರಾಕ್ಟರ್ ಏರ್ ಹಿಡಿದಿದೆ. ಆದರೆ ದೂರದಲ್ಲಿ ಕೂತು ಹೇಳುವ ನನ್ನ ಲೆಕ್ಕವನ್ನೇ ನಂಬಬೇಡಿ. ಇಂಜಿನ್ನನ್ನೇ ಕೇಳಿ. ಅದು ಸೈಲೆನ್ಸರಿನಿಂದ ಉತ್ತರ ಕೊಡುತ್ತದೆ.

ಒಬ್ಬರು ಸೀಟಿನ ಮೇಲೆ ಕೂತು ಆಕ್ಸಿಲರೇಟರ್ ಪೂರ್ತಿ ಕೊಟ್ಟು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಲಿ. ನೀವು ಪಕ್ಕದಲ್ಲಿ ದೂರ ನಿಂತು ಸೈಲೆನ್ಸರಿನ ಬಾಯಿ ನೋಡಿ. ಹೊಗೆಯೇ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಅಥವಾ ಬೂದು ಬಣ್ಣದ, ಕಣ್ಣು ಉರಿಸುವ, ಡೀಸೆಲ್ ವಾಸನೆಯ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ಈ ಒಂದು ನೋಟಕ್ಕೇ ಅರ್ಧ ಕೆಲಸ ಮುಗಿಯಿತು. ಹೊಗೆ ಇಲ್ಲದಿದ್ದರೆ ಟ್ಯಾಂಕಿನಿಂದ ನಾಜಲ್ ತನಕದ ದಾರಿ ಹುಡುಕಬೇಕು. ಬಿಳಿ ಹೊಗೆ ಇದ್ದರೆ ಆ ದಾರಿ ಬಿಟ್ಟು ಬಿಸಿ ಯಾಕೆ ಹುಟ್ಟುತ್ತಿಲ್ಲ ಅಂತ ನೋಡಬೇಕು. ಇದನ್ನು ನೋಡದೆ ನಾಜಲ್ ಬಿಚ್ಚಿ ಅಂಗಡಿಗೆ ಒಯ್ಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಯಾಕೆ ಹೀಗೆ ಅಂತ ತಿಳಿದಿರಲಿ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿಬಿಡುತ್ತದೆ. ಆ ಒತ್ತಡಕ್ಕೆ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ನಾಜಲ್ ಡೀಸೆಲ್ಲನ್ನು ಮಂಜಿನ ಹಾಗೆ ಚಿಮ್ಮಿಸಬೇಕು. ಇಂಜಿನ್ ಬೇಗ ತಿರುಗಬೇಕು, ಒತ್ತಡ ಸೋರಬಾರದು, ಡೀಸೆಲ್ ಹೊತ್ತಿಗೆ ಸರಿಯಾಗಿ ಬರಬೇಕು. ಹಳೇ ಟ್ರಾಕ್ಟರಿಗೆ ಇದಕ್ಕಿಂತ ಜಾಸ್ತಿ ಏನೂ ಬೇಕಿಲ್ಲ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಅದಕ್ಕೇ ತಾಳ್ಮೆ ಇರುವ ಯಾರು ಬೇಕಾದರೂ ಇದರ ದೋಷ ಹುಡುಕಬಹುದು.

ಕೈ ಹಾಕುವ ಮೊದಲು ಒಂದು ಮಾತು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಪಿಟಿಒ (ಹಿಂದೆ ಕಟ್ಟುವ ಉಪಕರಣ ತಿರುಗಿಸುವ ಶಾಫ್ಟ್) ಬಿಟ್ಟಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಹಿಂದಿನ ಚಕ್ರಗಳಿಗೆ ಮುಂದೆ ಹಿಂದೆ ಎರಡೂ ಕಡೆ ಕಲ್ಲು ಕೊಡಿ. ಸೆಲ್ಫ್ ಹೊಡೆಯುವುದು ಸೀಟಿನ ಮೇಲೆ ಕೂತೇ. ಕೆಳಗೆ ನಿಂತು ಸೆಲ್ಫ್ ಮೋಟರಿನ ಟರ್ಮಿನಲ್‌ಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವ ಅಭ್ಯಾಸ ಬಹಳ ಜನಕ್ಕಿದೆ. ಸೆಲ್ಫ್ ಮೋಟರ್ ಇರುವುದು ಸಾಮಾನ್ಯವಾಗಿ ಹಿಂದಿನ ದೊಡ್ಡ ಚಕ್ರದ ಮುಂದೆ. ಗೇರಿನಲ್ಲಿ ಇದ್ದದ್ದು ಗೊತ್ತಾಗದೆ ಇಂಜಿನ್ ಹಿಡಿದರೆ ಆ ಚಕ್ರ ನೇರವಾಗಿ ನಿಂತವರ ಮೇಲೆ ಬರುತ್ತದೆ. ಓಡಲು ಸಮಯ ಸಿಗುವುದಿಲ್ಲ. ಇದರಿಂದ ಜೀವ ಹೋಗಿದೆ. ದಯವಿಟ್ಟು ಮಾಡಬೇಡಿ.

ಈಗ ಹೊಗೆ ಬರುತ್ತಿಲ್ಲ ಅಂತ ಇಟ್ಟುಕೊಂಡು ಮುಂದೆ ಹೋಗೋಣ. ಲೈನಿಗೆ ಸ್ಪ್ಯಾನರ್ ಹಾಕುವ ಮೊದಲು ಬರಿಗೈಯಲ್ಲಿ ನೋಡುವುದು ಒಂದಿದೆ. ಅದು ಇಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್. ಸೀಟಿನ ಹತ್ತಿರ ನೀವು ನಾಬ್ ಒಳಗೆ ತಳ್ಳಿದ ಮಾತ್ರಕ್ಕೆ ಪಂಪಿನ ಮೇಲಿನ ಲಿವರ್ ವಾಪಸ್ ಬಂತು ಅಂತಲ್ಲ. ತಿಂಗಳುಗಟ್ಟಲೆ ನಿಂತ ಕೇಬಲ್ ತುಕ್ಕು ಹಿಡಿದು ಒಳಗೇ ಬಾಗುತ್ತದೆ. ನಾಬ್ ಒಳಗೆ ಹೋಗುತ್ತದೆ, ಲಿವರ್ ಸ್ಟಾಪ್‌ನಲ್ಲೇ ಕೂತಿರುತ್ತದೆ. ಡೀಸೆಲ್ ಬರುವುದಾದರೂ ಎಲ್ಲಿಂದ? ಬಾನೆಟ್ ತೆಗೆದು ಪಂಪಿನ ಪಕ್ಕ ನಿಂತು ಆ ಸಣ್ಣ ಲಿವರನ್ನು ಬೆರಳಿನಿಂದ ಆಡಿಸಿ. ಸಲೀಸಾಗಿ ಹೋಗಿ ಬರಬೇಕು. ಕೇಬಲ್ ಎಳೆದು ತಳ್ಳುವಾಗ ಅದು ಕೊನೆ ತನಕ ಚಲಿಸುತ್ತದಾ ಅಂತ ಕಣ್ಣಾರೆ ನೋಡಿ. ಕೀ ತಿರುಗಿಸಿದರೆ ಇಂಜಿನ್ ನಿಲ್ಲುವ ಮಾದರಿಯಾದರೆ ಪಂಪಿನ ಮೇಲೆ ಕರೆಂಟಿನಿಂದ ಡೀಸೆಲ್ ದಾರಿ ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿದಾಗ ಅದು ಟಕ್ ಅನ್ನಬೇಕು. ಅನ್ನದಿದ್ದರೆ ಅದಕ್ಕೆ ಬರುವ ವೈರಿನಲ್ಲಿ 12 ವೋಲ್ಟ್ ಇದೆಯಾ ಅಂತ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ.

ಸಿಲಿಂಡರಿಗೊಂದರಂತೆ ಸಾಲಾಗಿ ಮೂರು ಎಲಿಮೆಂಟ್ ಇರುವ ಇನ್‌ಲೈನ್ ಪಂಪ್ ಆದರೆ ಇನ್ನೊಂದು ಸಾಧ್ಯತೆ. ಒಳಗಿನ ರ‍್ಯಾಕ್ (ಡೀಸೆಲ್ ಪ್ರಮಾಣ ಹೆಚ್ಚು ಕಡಿಮೆ ಮಾಡುವ ಕಡ್ಡಿ) ನಿಂತಲ್ಲೇ ಜಾಮ್ ಆಗಿರಬಹುದು. ಸ್ಟಾಪ್ ಕಡೆ ಜಾಮ್ ಆದರೆ ಡೀಸೆಲ್ ಬರುವುದಿಲ್ಲ. ಫುಲ್ ಕಡೆ ಜಾಮ್ ಆದರೆ ಅದು ಇನ್ನೂ ಕೆಟ್ಟದ್ದು. ಇಂಜಿನ್ ಹಿಡಿದ ಕೂಡಲೇ ಕೈಗೆ ಸಿಗದ ವೇಗಕ್ಕೆ ಏರಿಬಿಡುತ್ತದೆ. ಅದಕ್ಕೇ ಬಹಳ ದಿನ ನಿಂತ ಇಂಜಿನ್ನಿಗೆ ಮೊದಲ ಸೆಲ್ಫ್ ಹೊಡೆಯುವಾಗ ಏರ್ ಫಿಲ್ಟರಿನ ಪೈಪ್ ಬಿಚ್ಚಿಟ್ಟು, ಒಬ್ಬರು ಒಂದು ದಪ್ಪ ಹಲಗೆ ತುಂಡು ಹಿಡಿದು ಪಕ್ಕದಲ್ಲಿ ನಿಲ್ಲಲಿ. ವೇಗ ಏರಿದರೆ ಗಾಳಿ ಹೋಗುವ ಬಾಯಿಗೆ ಹಲಗೆ ಒತ್ತಿದರೆ ಇಂಜಿನ್ ನಿಲ್ಲುತ್ತದೆ. ಹಲಗೆಯೇ ಬೇಕು. ಬಟ್ಟೆ ಬೇಡ, ಒಳಗೆ ಎಳೆದುಕೊಳ್ಳುತ್ತದೆ. ಕೈಯಂತೂ ಇಡಲೇಬಾರದು.

ಲಿವರ್ ಸರಿ ಇದೆ ಅಂತಾದರೆ ಟ್ಯಾಂಕಿಗೆ ಬನ್ನಿ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸೂಜಿಗಾತ್ರದ ತೂತು ಇರುತ್ತದೆ. ಮಣ್ಣು ಕೂತು ಅದು ಮುಚ್ಚಿದರೆ ಡೀಸೆಲ್ ಇಳಿಯುವುದಿಲ್ಲ. ಮುಚ್ಚಳ ತಿರುಗಿಸಿದಾಗ ಸುಯ್ ಅಂತ ಗಾಳಿ ಎಳೆದರೆ ಅದೇ ಕಾರಣ. ಟ್ಯಾಂಕಿನ ಕೆಳಗಿನ ನಲ್ಲಿ ತೆರೆದಿದೆಯಾ ನೋಡಿ. ಫಿಲ್ಟರ್ ಬದಲಾಯಿಸುವಾಗ ಮುಚ್ಚಿ ಹಾಗೇ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಆಮೇಲೆ ನಲ್ಲಿಯಿಂದ ಹೊರಡುವ ಪೈಪನ್ನು ಫೀಡ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದೆ ತಳ್ಳುವ ಸಣ್ಣ ಪಂಪ್) ಹತ್ತಿರ ಬಿಚ್ಚಿ ಒಂದು ಬಾಟಲಿಗೆ ಬಿಡಿ. ಬೆರಳು ಗಾತ್ರಕ್ಕಲ್ಲದಿದ್ದರೂ ಪೆನ್ಸಿಲ್ ಗಾತ್ರಕ್ಕೆ ಧಾರೆ ಬರಬೇಕು. ಒಂದೆರಡು ನಿಮಿಷ ಹಾಗೇ ಹರಿಯಲು ಬಿಡಿ. ಶುರುವಿನಲ್ಲಿ ಚೆನ್ನಾಗಿ ಬಂದು ಆಮೇಲೆ ಸಣ್ಣಗಾದರೆ ಟ್ಯಾಂಕಿನೊಳಗೆ ಏನೋ ಇದೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಒಂದು ಟ್ರಾಕ್ಟರ್ ನೋಡಲು ಕರೆದಿದ್ದರು. ಸ್ಟಾರ್ಟ್ ಆಗುತ್ತದೆ, ಹತ್ತು ನಿಮಿಷ ಓಡುತ್ತದೆ, ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಹಿಡಿಯುತ್ತದೆ. ನಾನು ಹೋಗುವ ಹೊತ್ತಿಗೆ ಮೂರೂ ನಾಜಲ್ ಹೊಸದು, ಫೀಡ್ ಪಂಪ್ ಹೊಸದು, ಡೀಸೆಲ್ ಪಂಪ್ ರಿಪೇರಿಗೆ ಹೋಗಿ ಬಂದಿತ್ತು. ನಾನು ಮಾಡಿದ್ದು ಇಷ್ಟೇ. ಟ್ಯಾಂಕಿನ ಪೈಪ್ ಬಿಚ್ಚಿ ಬಕೆಟ್ ಇಟ್ಟು ಕಾದೆ. ಮೂರು ನಿಮಿಷಕ್ಕೆ ಧಾರೆ ದಾರದಷ್ಟಾಯಿತು. ಟ್ಯಾಂಕ್ ಖಾಲಿ ಮಾಡಿ ಟಾರ್ಚ್ ಬಿಟ್ಟು ನೋಡಿದರೆ ಆಯಿಲ್ ಡಬ್ಬಿಯ ಬಾಯಿಗೆ ಅಂಟಿಸಿರುವ ತೆಳು ಹಾಳೆಯ ಒಂದು ತುಂಡು. ನಾಣ್ಯದಷ್ಟು ಅಗಲ. ಡೀಸೆಲ್ ಹರಿಯುವಾಗ ಅದು ತೇಲಿ ಬಂದು ತೂತಿಗೆ ಅಂಟುತ್ತಿತ್ತು. ಇಂಜಿನ್ ನಿಂತ ಮೇಲೆ ಮೆಲ್ಲಗೆ ಬಿಟ್ಟುಕೊಳ್ಳುತ್ತಿತ್ತು. ಮನೆಯವರು ಆ ತುಂಡನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡುತ್ತ ನಿಂತಿದ್ದರು. ಅವರು ಖರ್ಚು ಮಾಡಿದ ದುಡ್ಡು ನೆನಪಾಗಿ ನನಗೂ ಮಾತು ಬರಲಿಲ್ಲ.

ಬಾಟಲಿಗೆ ಹಿಡಿದ ಡೀಸೆಲ್ಲನ್ನು ಚೆಲ್ಲಬೇಡಿ. ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಅಲ್ಲಾಡಿಸದೆ ಇಡಿ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ, ಗೆರೆ ಎಳೆದ ಹಾಗೆ ಕಾಣುತ್ತದೆ. ಅರ್ಧ ಖಾಲಿ ಟ್ಯಾಂಕ್ ತಿಂಗಳುಗಟ್ಟಲೆ ನಿಂತರೆ ಒಳಗಿನ ಗಾಳಿಯ ತೇವ ಗೋಡೆಗೆ ಬೆವರಾಗಿ ಇಳಿದು ಅಡಿಗೆ ಸೇರುತ್ತದೆ. ಆ ನೀರಿಗೂ ಡೀಸೆಲ್ಲಿಗೂ ನಡುವೆ ಕಪ್ಪು ಲೋಳೆ ಬೆಳೆಯುವುದೂ ಉಂಟು. ಫಿಲ್ಟರ್ ಬೌಲಿನಲ್ಲಿ ಲೋಳೆ ಕಂಡರೆ ಟ್ಯಾಂಕ್ ಪೂರ್ತಿ ಇಳಿಸಿ ತೊಳೆಯಿರಿ. ಇಲ್ಲದಿದ್ದರೆ ಹೊಸ ಫಿಲ್ಟರ್ ವಾರಕ್ಕೇ ಕಟ್ಟುತ್ತದೆ.

ಇನ್ನು ಏರ್ ತೆಗೆಯುವುದು. ನಿಮ್ಮ ವಿಷಯದಲ್ಲಿ ಇದೇ ಮುಖ್ಯ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ಮೊದಲು ಫಿಲ್ಟರ್ ಹೆಡ್, ಪಂಪ್, ಪೈಪಿನ ನಟ್ಟುಗಳನ್ನೆಲ್ಲ ಬ್ರಷ್ ಹಾಕಿ ಒರೆಸಿ ಸ್ವಚ್ಛ ಮಾಡಿ. ಒಂದು ಕಣ ಮಣ್ಣು ಒಳಗೆ ಹೋದರೆ ಪಂಪಿನ ಒಳಗೆ ಡೀಸೆಲ್ ಒತ್ತುವ ಪ್ಲಂಜರಿಗೆ ಗೀರು ಬೀಳುತ್ತದೆ. ಅಲ್ಲಿರುವ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗ.

ಫೀಡ್ ಪಂಪಿಗೆ ಕೈಯಲ್ಲಿ ಒತ್ತುವ ಪ್ರೈಮರ್ ಅಥವಾ ಒಂದು ಸಣ್ಣ ಲಿವರ್ ಇರುತ್ತದೆ. ಮೊದಲ ಫಿಲ್ಟರಿನ ಮೇಲಿನ ಏರ್ ಸ್ಕ್ರೂವನ್ನು ಒಂದು ಸುತ್ತು ಮಾತ್ರ ಸಡಿಲ ಮಾಡಿ, ಪೂರ್ತಿ ತೆಗೆಯಬೇಡಿ. ಈಗ ಪ್ರೈಮರ್ ಒತ್ತಿ. ಶುರುವಿಗೆ ಏನೂ ಬರುವುದಿಲ್ಲ. ಆಮೇಲೆ ಬುಸ್ ಬುಸ್ ಅಂತ ನೊರೆ ಬರುತ್ತದೆ, ಸೋಪಿನ ನೊರೆಯ ಹಾಗೆ ಬೆಳ್ಳಗೆ. ನಿಲ್ಲಿಸಬೇಡಿ. ನೊರೆ ಹೋಗಿ ದೊಡ್ಡ ಗುಳ್ಳೆ ಬರುತ್ತದೆ. ಗುಳ್ಳೆ ಹೋಗಿ ಗಾಜಿನ ಕಡ್ಡಿಯ ಹಾಗೆ ತಿಳಿ ಡೀಸೆಲ್ ಬರುತ್ತದೆ. ಅದು ಹರಿಯುತ್ತಿರುವಾಗಲೇ, ಪ್ರೈಮರ್ ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಿ. ಒತ್ತುವುದು ನಿಲ್ಲಿಸಿ ಬಿಗಿ ಮಾಡಿದರೆ ಒಂದು ಗುಳ್ಳೆ ವಾಪಸ್ ಒಳಗೆ ಹೋಗಿ ಕೂರುತ್ತದೆ. ಎಷ್ಟು ಸಲ ಏರ್ ತೆಗೆದರೂ ಬರುತ್ತಲೇ ಇದೆ ಅನ್ನುವವರಲ್ಲಿ ಬಹಳಷ್ಟು ಜನ ಮಾಡುವ ತಪ್ಪು ಇದೇ. ಇದೇ ರೀತಿ ಎರಡನೇ ಫಿಲ್ಟರ್, ಆಮೇಲೆ ಡೀಸೆಲ್ ಪಂಪಿನ ಏರ್ ಸ್ಕ್ರೂ. ದಾರಿ ಯಾವತ್ತೂ ಟ್ಯಾಂಕಿನ ಕಡೆಯಿಂದ ಇಂಜಿನ್ ಕಡೆಗೆ. ದುಂಡಗಿನ ರೋಟರಿ ಪಂಪ್ ಆದರೆ ಅದರ ಮೇಲೆ ಎರಡು ಏರ್ ಸ್ಕ್ರೂ ಇರಬಹುದು. ಎರಡನ್ನೂ ಬಿಡಬೇಕು.

ಪ್ರೈಮರ್ ಲಿವರ್ ಒತ್ತಿದರೆ ಬಿಗುವೇ ಇಲ್ಲ, ಸುಮ್ನೆ ಆಡುತ್ತಿದೆ, ಡೀಸೆಲ್ ಬರುತ್ತಿಲ್ಲ ಅನಿಸಿದರೆ ಪಂಪ್ ಹೋಗಿದೆ ಅಂದುಕೊಳ್ಳಬೇಡಿ. ಡಯಾಫ್ರಾಮ್ (ರಬ್ಬರಿನಂಥ ಪರದೆ) ಇರುವ ಫೀಡ್ ಪಂಪನ್ನು ಒಳಗೆ ಕ್ಯಾಮ್ ತಳ್ಳುತ್ತದೆ. ಇಂಜಿನ್ ನಿಂತಾಗ ಕ್ಯಾಮ್ ಅದನ್ನು ಪೂರ್ತಿ ಒತ್ತಿ ಹಿಡಿದಿದ್ದರೆ ನಿಮ್ಮ ಕೈಗೆ ಒತ್ತಲು ಏನೂ ಉಳಿದಿರುವುದಿಲ್ಲ. ಇಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ ನೋಡಿ. ಕೈಗೆ ಬಿಗು ಸಿಗುತ್ತದೆ. ಹಾಗೆ ಮಾಡಿದರೂ ಸಿಗದಿದ್ದರೆ ಡಯಾಫ್ರಾಮ್ ಹರಿದಿರಬಹುದು. ಇಂಜಿನ್ ಆಯಿಲ್ ಗೇಜ್ ಕಡ್ಡಿ ಎಳೆದು ಮೂಸಿ ನೋಡಿ. ಆಯಿಲ್ ಮಟ್ಟ ಏರಿದ್ದು ಡೀಸೆಲ್ ವಾಸನೆ ಬಂದರೆ ಸಂಶಯ ನಿಜ. ಆ ಆಯಿಲ್‌ನಲ್ಲಿ ಇಂಜಿನ್ ಓಡಿಸಬೇಡಿ. ಮೊದಲು ಬದಲಾಯಿಸಿ.

ಪಂಪಿನ ತನಕ ಏರ್ ಹೋದ ಮೇಲೆ ನಾಜಲ್ ಪೈಪುಗಳು. ಮೂರೂ ನಾಜಲ್‌ಗಳ ಹತ್ತಿರ ಪೈಪ್ ನಟ್ಟನ್ನು ಅರ್ಧದಿಂದ ಒಂದು ಸುತ್ತು ಸಡಿಲ ಮಾಡಿ. ಆಕ್ಸಿಲರೇಟರ್ ಫುಲ್ ಕೊಟ್ಟು ಸೆಲ್ಫ್ ಹೊಡೆಸಿ. ಹತ್ತು ಹದಿನೈದು ಸೆಕೆಂಡ್ ಹೊಡೆದು ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಡುತ್ತದೆ. ನಟ್ಟಿನ ಬುಡದಲ್ಲಿ ಮೊದಲು ನೊರೆ, ಆಮೇಲೆ ಇಂಜಿನ್ ತಿರುಗುವ ತಾಳಕ್ಕೆ ಚಿಕ್ ಚಿಕ್ ಅಂತ ಡೀಸೆಲ್ ಜಿಗಿಯುತ್ತದೆ. ಜಿಗಿಯಲು ಶುರುವಾದ ಮೇಲೆ ಸೆಲ್ಫ್ ನಿಲ್ಲಿಸಿ, ಎರಡು ಪೈಪಿನ ನಟ್ ಬಿಗಿ ಮಾಡಿ, ಮತ್ತೆ ಹೊಡೆಸಿ. ಬಹಳ ಸಲ ಎರಡು ಸಿಲಿಂಡರಿನಲ್ಲೇ ಇಂಜಿನ್ ಕೆಮ್ಮುತ್ತ ಹಿಡಿದುಬಿಡುತ್ತದೆ. ಹಿಡಿದರೆ ಇಂಜಿನ್ ನಿಲ್ಲಿಸಿ ಮೂರನೆಯದನ್ನೂ ಬಿಗಿ ಮಾಡಿ.

ಇಲ್ಲಿ ಒಂದು ಎಚ್ಚರಿಕೆ. ಹಳೇ ಟ್ರಾಕ್ಟರುಗಳ ನಾಜಲ್ ತೆರೆಯುವ ಒತ್ತಡ ಸುಮಾರು 175ರಿಂದ 250 ಬಾರ್. ಹಿಂದಿನ ಟೈರಿನ ಗಾಳಿ 1 ಬಾರ್‌ಗಿಂತ ಸ್ವಲ್ಪ ಜಾಸ್ತಿ ಇರುತ್ತದೆ ಅಷ್ಟೆ, ಹೋಲಿಸಿ ನೋಡಿ. ಬಿರುಕು ಬಿಟ್ಟ ಪೈಪಿನಿಂದ ಅಥವಾ ನಾಜಲ್ ತುದಿಯಿಂದ ಆ ಒತ್ತಡದಲ್ಲಿ ಬರುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದ ಗುರುತು ಮಾತ್ರ ಕಾಣುತ್ತದೆ, ನೋವೂ ಮೊದಲಿಗೆ ಅಷ್ಟಾಗಿ ಇರುವುದಿಲ್ಲ. ಆದರೆ ಒಳಗೆ ಮಾಂಸ ಸಾಯಲು ಶುರುವಾಗಿರುತ್ತದೆ. ಬೆರಳೇ ಹೋಗಬಹುದು. ಹಾಗೆ ಚುಚ್ಚಿದರೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಗೆ ಹೋಗಿದೆ ಅಂತಲೇ ಹೇಳಿ. ಪೈಪ್ ಸೋರುತ್ತದಾ ಅಂತ ಕೈ ಸವರಿ ನೋಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ಕನ್ನಡಕ ಹಾಕಿಕೊಳ್ಳಿ.

ಏರ್ ತೆಗೆದ ಮೇಲೆ ಸ್ಟಾರ್ಟ್ ಆಗಿ, ಐದು ನಿಮಿಷಕ್ಕೆ ಮತ್ತೆ ನಿಂತರೆ ಎಲ್ಲಿಂದಲೋ ಹೊಸ ಗಾಳಿ ಬರುತ್ತಿದೆ. ನೀವು ಈಗಷ್ಟೇ ಫಿಲ್ಟರ್ ಬದಲಾಯಿಸಿರುವುದರಿಂದ ಮೊದಲು ನೋಡಬೇಕಾದ್ದು ಅದರ ರಬ್ಬರ್ ರಿಂಗ್. ಹಳೇ ರಿಂಗ್ ಕಪ್ಪಗೆ ಗಟ್ಟಿಯಾಗಿ ಫಿಲ್ಟರ್ ಹೆಡ್ಡಿನ ಕಾಲುವೆಯೊಳಗೇ ಅಂಟಿಕೊಂಡಿರುತ್ತದೆ. ಹೆಡ್ಡಿನ ಲೋಹವೇ ಅದು ಅನ್ನುವ ಹಾಗೆ ಕಾಣುತ್ತದೆ. ಅದರ ಮೇಲೇ ಹೊಸ ರಿಂಗ್ ಕೂರಿಸಿ ಬಿಗಿ ಮಾಡಿದರೆ ಎರಡರ ನಡುವೆ ಕೂದಲಿನಷ್ಟು ಸಂದು ಉಳಿಯುತ್ತದೆ. ಸೂಜಿ ಮೊನೆಯಿಂದ ಕಾಲುವೆ ಕೆದಕಿ ನೋಡಿ. ರಬ್ಬರ್ ಎದ್ದು ಬಂದರೆ ನಿಮ್ಮ ಕಳ್ಳ ಸಿಕ್ಕಿದ. ನಡುವಿನ ಉದ್ದ ಬೋಲ್ಟಿನ ತಲೆಯ ಕೆಳಗಿರುವ ವಾಷರನ್ನೂ ನೋಡಿ. ಹಳೇ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದರೆ ಹೊಸದು ಹಾಕಿ.

ಇನ್ನೊಂದು ಜಾಗ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಪೈಪ್. ಅಲ್ಲಿ ಪಂಪ್ ಎಳೆಯುತ್ತದೆ. ಹಾಗಾಗಿ ಇಂಜಿನ್ ಓಡುವಾಗ ಸಂದಿನಿಂದ ಡೀಸೆಲ್ ಹೊರಗೆ ಬರುವ ಬದಲು ಗಾಳಿಯೇ ಒಳಗೆ ಹೋಗುತ್ತದೆ. ಒಂದು ಹನಿಯೂ ಸೋರಿರುವುದಿಲ್ಲ. ಎಲ್ಲ ಒಣಗಿದೆ, ಸರಿಯಾಗಿದೆ ಅಂತ ಮೋಸ ಹೋಗುತ್ತೇವೆ. ಆ ಪೈಪಿಗೂ ಫೀಡ್ ಪಂಪಿಗೂ ನಡುವೆ ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ತುಂಡೊಂದನ್ನು ಹಾಕಿ ಇಂಜಿನ್ ತಿರುಗಿಸಿ. ಗುಳ್ಳೆ ಸಾಲಾಗಿ ಓಡುವುದು ಕಣ್ಣಿಗೇ ಕಾಣುತ್ತದೆ. ಗುಳ್ಳೆ ಕಂಡರೆ ದೋಷ ಅದರ ಹಿಂದೆ, ಟ್ಯಾಂಕಿನ ಕಡೆ. ಕಾಣದಿದ್ದರೆ ಮುಂದೆ. ಇಷ್ಟು ಅಗ್ಗದ, ಇಷ್ಟು ನಿಖರವಾದ ಪರೀಕ್ಷೆ ಬೇರೆ ಇಲ್ಲ.

ಈಗ ಬಿಳಿ ಹೊಗೆ ಬರುತ್ತಿದ್ದರೆ ಏನು ಅಂತ ನೋಡೋಣ. ಹೊಗೆ ಮೋಡದ ಹಾಗೆ ಬರುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಮೊದಲ ಅನುಮಾನ ಬ್ಯಾಟರಿಯ ಮೇಲೆ ಇರಲಿ. ತಿರುಗುತ್ತದೆ ಅಂತ ನೀವು ಬರೆದಿದ್ದೀರಿ, ಆದರೆ ಎಷ್ಟು ವೇಗವಾಗಿ? ನಿಮಿಷಕ್ಕೆ 150ರಿಂದ 200 ಸುತ್ತು ಇಲ್ಲದಿದ್ದರೆ ಗಾಳಿ ಕಾಯುವ ಮೊದಲೇ ತಣ್ಣಗಿನ ಗೋಡೆಗೆ ಬಿಸಿ ಬಿಟ್ಟುಕೊಡುತ್ತದೆ, ರಿಂಗಿನ ಸಂದಿನಿಂದ ಸೋರಿಯೂ ಹೋಗುತ್ತದೆ. ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಗರ್ ಗರ್ ಗರ್ ಅಂತ ಒಂದೇ ಸಮ ಬಂದರೆ ಸರಿ. ಗೊರ್… ಗೊರ್… ಅಂತ ಪ್ರತಿ ಒತ್ತಿಗೂ ತಡವರಿಸಿದರೆ ಸಾಲದು.

ಚಾರ್ಜ್ ಆದ ಬ್ಯಾಟರಿ ನಿಂತಾಗ 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಸೋತಿದೆ. ಬ್ಯಾಟರಿ ಚೆನ್ನಾಗಿದ್ದೂ ತಿರುಗುವುದು ನಿಧಾನವಾದರೆ ಅರ್ಥ್ ಕೇಬಲ್ ನೋಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಇಂಜಿನ್ನಿನ ಬರೀ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ತೋರಿಸಿದರೂ ಜಾಸ್ತಿಯೇ. ಕೇಬಲ್ ಗಾಡಿಯ ಲೋಹದ ಮೈಗೆ ಸೇರುವ ಜಾಗದಲ್ಲಿ ಬಣ್ಣ, ತುಕ್ಕು, ಗ್ರೀಸ್ ಸೇರಿ ಕರೆಂಟ್ ತಡೆಯುತ್ತಿರುತ್ತವೆ. ಬಿಚ್ಚಿ, ಉಪ್ಪು ಕಾಗದದಿಂದ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ. ಬಹಳ ಟ್ರಾಕ್ಟರುಗಳಲ್ಲಿ ಇಷ್ಟಕ್ಕೇ ಸೆಲ್ಫಿನ ದನಿ ಬದಲಾಗುತ್ತದೆ.

ಚಳಿಗೆ ಸ್ಟಾರ್ಟ್ ಮಾಡಲು ಹೀಟರ್ ಇರುವ ಮಾದರಿಯಾದರೆ ಅದು ಕೆಲಸ ಮಾಡುತ್ತಿದೆಯಾ ನೋಡಿ. ಹೀಟರ್ ಪ್ಲಗ್ಗಿನ ವೈರ್ ಬಿಚ್ಚಿ, ಬ್ಯಾಟರಿ ಪ್ಲಸ್‌ನಿಂದ ಬಂದ ಟೆಸ್ಟ್ ಲ್ಯಾಂಪನ್ನು ಪ್ಲಗ್ಗಿನ ತಲೆಗೆ ಮುಟ್ಟಿಸಿ. ಲ್ಯಾಂಪ್ ಹೊತ್ತಿಕೊಳ್ಳದಿದ್ದರೆ ಪ್ಲಗ್ ಸುಟ್ಟಿದೆ. ಕೆಲವು ಹಳೇ ಪಂಪುಗಳ ಮೈಮೇಲೆ ತಣ್ಣಗಿನ ಇಂಜಿನ್ನಿಗೆ ಜಾಸ್ತಿ ಡೀಸೆಲ್ ಕೊಡಲು ಒಂದು ಬಟನ್ ಇರುತ್ತದೆ. ಅದನ್ನು ಒತ್ತಿಯೇ ಸ್ಟಾರ್ಟ್ ಮಾಡಬೇಕು. ಗಾಡಿ ಕೈ ಬದಲಾದಾಗ ಆ ಬಟನ್ನಿನ ವಿಷಯ ಹೊಸ ಮಾಲೀಕರಿಗೆ ಗೊತ್ತೇ ಇರುವುದಿಲ್ಲ.

ಏರ್ ಫಿಲ್ಟರ್ ಬಿಚ್ಚಿ ಒಳಗೆ ನೋಡಿ. ನಾಲ್ಕು ತಿಂಗಳು ನಿಂತ ಗಾಡಿಯಲ್ಲಿ ಇಲಿ ಗೂಡು, ಕಣಜದ ಗೂಡು ಇರುವುದು ಸಾಮಾನ್ಯ. ಹಾಗೇ ಸೈಲೆನ್ಸರ್ ಪೈಪಿನ ಒಳಗೂ. ಮೇಲಕ್ಕೆ ನಿಂತ ಪೈಪಿಗೆ ಮುಚ್ಚಳ ಇಲ್ಲದೆ ಮಳೆ ನೀರು ಇಳಿದಿದ್ದರೆ ಅದು ಸಿಲಿಂಡರಿಗೂ ಹೋಗಿರಬಹುದು. ಸೆಲ್ಫ್ ಹೊಡೆದಾಗ ಇಂಜಿನ್ ಸ್ವಲ್ಪ ತಿರುಗಿ ಧಡ್ ಅಂತ ಒಂದೇ ಜಾಗದಲ್ಲಿ ನಿಂತರೆ ಕೂಡಲೇ ನಿಲ್ಲಿಸಿ. ನೀರನ್ನು ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಜಲ್‌ಗಳನ್ನು ತೆಗೆದು ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೀರು ಹೊರಗೆ ಬಿಡಿ. ತೂತಿನ ಎದುರು ಮುಖ ಇಡಬೇಡಿ.

ಇನ್ನೊಂದು ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆದು ಸ್ಟಾರ್ಟ್ ಮಾಡುವುದನ್ನು ನಾನು ಒಪ್ಪದಿರಲು ಇದೂ ಒಂದು ಕಾರಣ. ಸೆಲ್ಫ್ ಆದರೆ ತಡೆ ಸಿಕ್ಕಿದ ಕೂಡಲೇ ನಿಲ್ಲುತ್ತದೆ. ಎಳೆಯುವ ಟ್ರಾಕ್ಟರ್ ನಿಲ್ಲುವುದಿಲ್ಲ, ಒಳಗೆ ಮುರಿದು ಮುಂದೆ ಹೋಗುತ್ತದೆ. ಏರ್ ಹಿಡಿದ ಇಂಜಿನ್ನನ್ನು ಊರು ಸುತ್ತ ಎಳೆದರೂ ಅದು ಹಿಡಿಯುವುದಿಲ್ಲ.

ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಿರಿ ಅಂತ ಯಾರಾದರೂ ಹೇಳಬಹುದು. ಅದರಲ್ಲಿರುವುದು ಈಥರ್. ಡೀಸೆಲ್ಲಿಗಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಮೇಲೆ ಬರುತ್ತಿರುವಾಗಲೇ ಸಿಡಿದು ಅದನ್ನು ಕೆಳಕ್ಕೆ ಬಡಿಯುತ್ತದೆ. ರಿಂಗ್ ಮುರಿಯುತ್ತದೆ, ಪಿಸ್ಟನ್ನಿನ ಅಂಚು ಒಡೆಯುತ್ತದೆ. ಹೀಟರ್ ಇರುವ ಇಂಜಿನ್ನಿಗೆ ಹೊಡೆದರೆ ಗಾಳಿಯ ಪೈಪಿನಲ್ಲೇ ಬೆಂಕಿ. ನನ್ನ ಕೈಕೆಳಗೆ ಇರುವ ಯಾವ ಇಂಜಿನ್ನಿಗೂ ನಾನು ಅದನ್ನು ಹತ್ತಿರ ಬಿಡುವುದಿಲ್ಲ.

ವೇಗ ಸರಿ ಇದೆ, ಡೀಸೆಲ್ ಇದೆ, ಗಾಳಿ ಇದೆ, ಬಿಳಿ ಹೊಗೆ ಮಾತ್ರ ಬರುತ್ತಿದೆ ಅಂದಾಗ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿಗೆ ಸಿಗುವ ಒತ್ತಡ) ವಿಚಾರಿಸಿ. ಸ್ಟಾಪ್ ಎಳೆದಿಟ್ಟು, ಮುಂದಿನ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ. ಎರಡು ಸುತ್ತಿಗೆ ಮೂರು ಸಲ, ಮೂರು ಸಿಲಿಂಡರಿಗೂ, ಸ್ಪ್ರಿಂಗ್ ಒತ್ತಿದ ಹಾಗೆ ಬಿಗು ಬರಬೇಕು. ಒಂದು ಸಲ ಮಾತ್ರ ಸಲೀಸಾಗಿ ದಾಟಿದರೆ ಆ ಸಿಲಿಂಡರ್ ಸೋರುತ್ತಿದೆ. ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) ನೋಡಿ. ಗ್ಯಾಪೇ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಅದು ಸರಿ ಇದ್ದರೆ ನಾಜಲ್ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ ಒಂದು ಸಲ ಅಳೆಯಿರಿ, ಆಮೇಲೆ ಅದೇ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಒಂದೇ ಚಮಚ, ಜಾಸ್ತಿ ಬಿಟ್ಟರೆ ನೀರಿನಷ್ಟೇ ಅಪಾಯ. ರಿಂಗ್ ಹೋಗಿದೆ ಅನ್ನುವ ಮಾತನ್ನು ಈ ಪರೀಕ್ಷೆ ಮಾಡಿ ತೋರಿಸಿದವರ ಬಾಯಿಂದ ಮಾತ್ರ ಒಪ್ಪಿಕೊಳ್ಳಿ.

ನಾಜಲ್, ಪಂಪ್ ಎರಡನ್ನೂ ಕೊನೆಗೆ ಇಟ್ಟಿದ್ದೇನೆ. ಅವು ಕೆಡುವುದಿಲ್ಲ ಅಂತಲ್ಲ, ಆದರೆ ಮೂರು ನಾಜಲ್ ಒಂದೇ ದಿನ ಕೆಡುವುದು ಬಲು ಅಪರೂಪ. ಒಂದು ಕೆಟ್ಟರೆ ಇಂಜಿನ್ ಉಳಿದ ಎರಡರಲ್ಲಿ ಹೇಗೋ ಹಿಡಿಯುತ್ತದೆ. ಪಂಪಿಗೆ ತಿಳಿ ಡೀಸೆಲ್ ಬರುತ್ತಿದೆ, ಸ್ಟಾಪ್ ಲಿವರ್ ಬಿಟ್ಟಿದೆ, ಏರ್ ಪೂರ್ತಿ ಹೋಗಿದೆ, ಆದರೂ ಮೂರೂ ನಾಜಲ್ ಪೈಪಿನಲ್ಲಿ ಹನಿ ಇಲ್ಲ ಅಂದಾಗ ಮಾತ್ರ ಪಂಪ್ ಬಿಚ್ಚಿ. ಬಿಚ್ಚುವ ಮೊದಲು ಪಂಪಿನ ಫ್ಲಾಂಜಿನಲ್ಲೂ ಇಂಜಿನ್ ಮೈಯಲ್ಲೂ ಇರುವ ಟೈಮಿಂಗ್ ಗುರುತು ಎದುರುಬದುರಾಗಿದೆಯಾ ನೋಡಿ ಫೋಟೋ ತೆಗೆದುಕೊಳ್ಳಿ. ಗುರುತು ಇಲ್ಲದಿದ್ದರೆ ಉಳಿಯಿಂದ ಒಂದು ಗೆರೆ ಎಳೆಯಿರಿ. ಬಿಚ್ಚಿದ ಪ್ರತಿ ಬಾಯಿಗೂ ಕ್ಯಾಪ್ ಹಾಕಿ. ಪಂಪಿನ ಒಳಗೆ ಮಾತ್ರ ನೀವು ಕೈ ಹಾಕಬೇಡಿ. ಅದನ್ನು ಟೆಸ್ಟ್ ಬೆಂಚ್ ಇರುವವರೇ ಬಿಚ್ಚಬೇಕು.

ಇಂಜಿನ್ ಹಿಡಿದ ಮೇಲೆ ಆಯಿಲ್ ಪ್ರೆಷರ್ ಬಂತಾ ನೋಡಿ. ಕೂಡಲೇ ರೇಸ್ ಮಾಡಬೇಡಿ. ಇಪ್ಪತ್ತು ನಿಮಿಷ ಸ್ವಲ್ಪ ಮೇಲಿನ ವೇಗದಲ್ಲಿ ಓಡಲಿ, ಉಳಿದ ಸಣ್ಣ ಗುಳ್ಳೆಗಳು ವಾಪಸ್ ಲೈನಿನ ಮೂಲಕ ಹೋಗುತ್ತವೆ. ನಿಲ್ಲಿಸಿ, ನೀವು ಮುಟ್ಟಿದ ಪ್ರತಿ ಜಾಯಿಂಟನ್ನೂ ಒಣ ಕಾಗದದಿಂದ ಒರೆಸಿ. ಕಾಗದ ಒದ್ದೆಯಾದ ಜಾಗವನ್ನು ಮತ್ತೆ ಬಿಗಿ ಮಾಡಿ. ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಬೆಳಿಗ್ಗೆ ಮೊದಲ ಸೆಲ್ಫಿಗೇ ಹಿಡಿದರೆ ಡೀಸೆಲ್ ಲೈನಿನಲ್ಲೇ ನಿಂತಿದೆ, ಗಾಳಿ ಹೋಗುವ ಜಾಗ ಉಳಿದಿಲ್ಲ. ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಸತಾಯಿಸಿದರೆ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿದಿದೆ ಅಂತ ಅರ್ಥ. ಆಗ ಪಾರದರ್ಶಕ ಪೈಪ್ ತೆಗೆದುಕೊಂಡು ಆ ಮೊದಲ ಪೈಪಿನ ಹತ್ತಿರ ಮತ್ತೆ ಕೂರಿ.